ಬಿಲ್ಲಿನ ಮ್ಯಾಲಿನ ನಂಬರ್ ಏನ್ ಹೇಳ್ತದ?

ಹಳೇ ಬಿಲ್ಲೊಂದು ಕೈಗೆ ಸಿಕ್ತು ಅಂದ್ಕೋರಿ. ಹಿಡಿಕೆ ಹತ್ರ ‘45#’, ಪಕ್ಕದಾಗ ‘28’ ಅಂತ ಬರೆದದ. ಅದು ಹ್ಯಾಶ್‌ಟ್ಯಾಗ್ ಅಲ್ರಿ, ಪೌಂಡ್ ಗುರುತು. ಹೆದೆಯನ್ನು 28 ಇಂಚು ಎಳೆದಾಗ ಕೈಗೆ ಬರೋ ಭಾರ 45 ಪೌಂಡ್, ಅಂದ್ರೆ ಸುಮಾರು 20 ಕೆಜಿ. 26 ಇಂಚಷ್ಟೇ ಎಳೆದ್ರೆ ಭಾರ ಕಮ್ಮಿ, 30 ಎಳೆದ್ರೆ ಜಾಸ್ತಿ. ಸಾಮಾನ್ಯವಾಗಿ ಒಂದು ಇಂಚಿಗೆ ಎರಡು–ಮೂರು ಪೌಂಡ್ ಫರಕು. ಎಷ್ಟು ಎಳೆದಾಗ ಅನ್ನೋದು ಬಿಟ್ಟು ಬರೀ ಭಾರ ಓದಿದ್ರೆ ಅರ್ಧ ಮಾತು ಕೇಳಿದಂಗ.

ಈ ಲೆಕ್ಕ ಹೊಸದಲ್ಲ. ಮಧ್ಯಕಾಲದ ಅರಬ್ಬಿ ಬಿಲ್ವಿದ್ಯೆಯ ಪುಸ್ತಕಗಳಲ್ಲೇ ಈ ವಿಧಾನ ಬರ್ತದೆ: ಹೆದೆಗೆ ತೂಕ ನೇತುಹಾಕ್ತಾ ಹೋಗೋದು, ಅದು ಬಾಣದ ಉದ್ದದಷ್ಟು ಇಳಿದಾಗ ಎಷ್ಟು ತೂಕ ಅದ ನೋಡೋದು. ಅಲ್ಲೂ ಭಾರ, ಎಳೆತ ಎರಡೂ ಜೋಡಿ.

ಈಗ ನಮ್ಮ ಕಡೆ ಬರೋಣ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ಕಲಬುರಗಿ ಅದರ ರಾಜಧಾನಿ ಆಯ್ತು. ಆಳಂದ, ಅಫಜಲಪುರ, ಜೇವರ್ಗಿ ಆ ರಾಜಧಾನಿಯ ಮಗ್ಗುಲ ಸೀಮೆ. ದಕ್ಷಿಣಕ್ಕೆ ಕೃಷ್ಣಾ–ತುಂಗಭದ್ರಾ ನಡುವಿನ ನೆಲಕ್ಕಾಗಿ ವಿಜಯನಗರದ ಜೋಡಿ ಯುದ್ಧದ ಮ್ಯಾಲ ಯುದ್ಧ.

1424ರಿಂದ 1446ರವರೆಗೆ ವಿಜಯನಗರ ಆಳಿದ ಎರಡನೇ ದೇವರಾಯ, ‘ಬಹಮನಿಯವರು ಯಾಕೆ ಗೆಲ್ತಾರೆ?’ ಅಂತ ತನ್ನವರನ್ನು ಕೇಳಿದ. ಅವರ ಕುದುರೆ ಗಟ್ಟಿ, ಬಿಲ್ಲುಗಾರರು ನಿಪುಣರು ಅನ್ನೋ ಉತ್ತರ ಬಂತು. ಹೀಗಂತ ಬರೆದವನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸ್ಕೊಂಡ, ತನ್ನ ಸೈನಿಕರಿಗೆ ಕಲಿಸಲು ಹಚ್ಚಿದ. ಕೊನೆಗೆ 2,000 ಮುಸ್ಲಿಂ, 60,000 ಹಿಂದೂ ಬಿಲ್ಲುಗಾರರು ತಯಾರಾದ್ರು ಅನ್ನೋದು ಫೆರಿಶ್ತಾ ಲೆಕ್ಕ.

ಆದ್ರೆ ಅವನು ಬರೆದದ್ದು ಒಂದೂವರೆ ಶತಮಾನ ಕಳೆದ ಮೇಲೆ. ಹಂಗಾಗಿ ಆ 60,000 ಕೂಡ ಬಿಲ್ಲಿನ ನಂಬರ್ ಇದ್ದಂಗ. ಯಾರು, ಯಾವಾಗ ಬರೆದ್ರು ಅಂತ ಸೇರಿಸ್ಕೊಂಡೇ ಓದಬೇಕು. ಒಂದು ಮಾತಂತೂ ಉಳೀತದೆ: ಬಿಲ್ಲು ಎಷ್ಟೇ ಬಿರುಸಿದ್ರೂ ಅದಕ್ಕೆ ಕಲಿತ ಕೈ ಬೇಕು.

ಹಳೇ ಬಿಲ್ಲಿನ ನಂಬರ್ ಅದು ತಯಾರಾದ ದಿನದ್ದು. ವರ್ಷಗಳು ಕಳೆದಂಗ ಬಲ ಕುಂದಬಹುದು, ತೋಳು ಬಿರುಕು ಬಿಟ್ಟಿರಬಹುದು. ಎಳೆಯೋ ಮೊದಲು ಬಲ್ಲವರಿಗೆ ತೋರಿಸ್ರಿ, ತಕ್ಕಡಿ ಹಚ್ಚಿ ಅಳೆಸ್ರಿ. ಬಾಣ ಇಲ್ಲದೆ ಹೆದೆ ಎಳೆದು ಬಿಡೋದಂತೂ ಬೇಡ್ರಿ, ಬಿಲ್ಲೇ ಮುರೀಬಹುದು.