ಗದ್ದೆ ನೀರಿನ ಮಣಿಸರ

ಗೊಬ್ಬರ ಕಾಣದ ಭತ್ತದ ಗದ್ದೆಯೂ ವರ್ಷ ವರ್ಷ ಅಷ್ಟಿಷ್ಟು ಬೆಳೆ ಕೊಡುವುದು ಹೇಗೆ? ಅವಿಭಜಿತ ಭಾರತದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿದ ಪಿ.ಕೆ. ಡೇ 1939ರಲ್ಲಿ ಉತ್ತರ ಕೊಟ್ಟರು: ನಿಂತ ನೀರಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ.

ಹೆಸರು ಪಾಚಿಯಾದರೂ ಇದು ಬ್ಯಾಕ್ಟೀರಿಯಾ. ಅನಾಬೀನಾದಂಥವುಗಳಲ್ಲಿ ಜೀವಕೋಶಗಳು ಮಣಿಸರದಂತೆ ಜೋಡಿಕೊಂಡಿರುತ್ತವೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಬಿಸಿಲಿನಲ್ಲಿ ಆಹಾರ ತಯಾರಿಸುವ ಈ ಕೋಶಗಳು ಬಿಡುವುದೂ ಆಮ್ಲಜನಕವನ್ನೇ. ಹೀಗಾಗಿ ಹತ್ತಿಪ್ಪತ್ತು ಕೋಶಗಳಿಗೊಂದು ದಪ್ಪ ಗೋಡೆ ಕಟ್ಟಿಕೊಂಡು ಸಾರಜನಕದ ಕೆಲಸಕ್ಕೇ ಮೀಸಲಾಗುತ್ತದೆ. ಮತ್ತೆಂದೂ ಅದು ವಿಭಜನೆಯಾಗದು. ನೆರೆಯ ಕೋಶಗಳೇ ಅದಕ್ಕೆ ಆಹಾರ ಒದಗಿಸುತ್ತವೆ.

ಗದ್ದೆಗೆ ಯೂರಿಯಾ ಧಾರಾಳವಾಗಿ ಸುರಿದರೆ ಇಂಥ ಕೋಶಗಳು ಹುಟ್ಟುವುದೇ ಕಡಿಮೆ. ಕೊಂಡು ತಂದ ಗೊಬ್ಬರ ಹೆಚ್ಚಿದಷ್ಟೂ ಪುಕ್ಕಟೆ ಸಿಗುತ್ತಿದ್ದ ಗೊಬ್ಬರ ತಪ್ಪಿಹೋಗುತ್ತದೆ.