ಇಂಟರ್‌ವ್ಯೂಗೆ ಬಿಳಿಯೇ ಬೇಕೆ?

"ಮೇಡಂ, ಇಂಟರ್‌ವ್ಯೂಗೆ ಸೀರೆ ಉಡಲಾ, ಚೂಡಿದಾರ್ ಸಾಕಾ?" ಬೆಂಗಳೂರಿನ ಕೆ.ಆರ್. ಪುರದ ಕಡೆಯ ನರ್ಸಿಂಗ್ ಹುಡುಗಿಯರು ಕೊನೆಯ ವರ್ಷಕ್ಕೆ ಬಂದೊಡನೆ ಕೇಳುವ ಮೊದಲ ಪ್ರಶ್ನೆ ಇದು. ಸಂಬಳ, ನೈಟ್ ಡ್ಯೂಟಿಯ ಮಾತೆಲ್ಲ ಆಮೇಲೆ. ಪಾಠ ಹೇಳಿ ನಿವೃತ್ತಳಾದ ನನ್ನನ್ನು ಹುಡುಕಿಕೊಂಡು ಹಲಸೂರಿನ ಮನೆಗೂ ಬರುತ್ತಾರೆ. ಉತ್ತರಕ್ಕೆ ಮುಂಚೆ ಅವರಿಗೆ ಶಿವಾಜಿನಗರದ ಕಥೆ ಹೇಳುವುದು ನನ್ನ ಚಾಳಿ.

1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಪಕ್ಕ ಬೀಡುಬಿಟ್ಟಿತು. ದಂಡಿನ ಬೆನ್ನಿಗೇ ದರ್ಜಿಗಳು, ಮಡಿವಾಳರು, ಬಟ್ಟೆ ವ್ಯಾಪಾರಿಗಳು ಬಂದರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ ಇಂದಿನ ಶಿವಾಜಿನಗರದಲ್ಲಿ 1868ರಲ್ಲಿ ತೆರೆಯಿತು. ಅದಕ್ಕೆ ಮಾದರಿ ಪ್ಯಾರಿಸ್ಸಿನ ಲಾರಿಬೋಸಿಯೇರ್ ಆಸ್ಪತ್ರೆ: ವಾರ್ಡುಗಳು ಬಿಡಿಬಿಡಿ, ಗಾಳಿ ಆಡಲು ಧಾರಾಳ ಜಾಗ. ಕಾಯಿಲೆ ಬರುವುದೇ ಕೆಟ್ಟ ಗಾಳಿಯಿಂದ ಎಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲ. ಕಟ್ಟಡಕ್ಕೆ ಅಷ್ಟು ತಲೆಕೆಡಿಸಿಕೊಂಡವರು ಕೈಗೆ, ಬಟ್ಟೆಗೆ ಅಷ್ಟು ಕೆಡಿಸಿಕೊಳ್ಳಲಿಲ್ಲ. ಯುರೋಪಿನ ಶಸ್ತ್ರವೈದ್ಯರು ರಕ್ತದ ಕಲೆ ಗಟ್ಟಿಕಟ್ಟಿದ ಹಳೆಯ ಕಪ್ಪು ಕೋಟನ್ನೇ ತೊಟ್ಟು ಕತ್ತಿ ಹಿಡಿಯುತ್ತಿದ್ದರು. ಕಲೆ ಹೆಚ್ಚಿದಷ್ಟೂ ಅನುಭವಸ್ಥರು! ಕೈ ತೊಳೆಯಿರಿ ಎಂದು 1847ರಲ್ಲಿ ವಿಯೆನ್ನಾದಲ್ಲಿ ಹೇಳಿದ ವೈದ್ಯ ಸೆಮ್ಮೆಲ್‌ವೈಸ್ ಮಾತಿಗೆ ಕಿವಿಗೊಟ್ಟವರು ಕಡಿಮೆ. ಬೌರಿಂಗ್ ಆಸ್ಪತ್ರೆ ತೆರೆಯುವ ಹಿಂದಿನ ವರ್ಷವಷ್ಟೇ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಕ್ರಿಮಿ ಸಾಯಲೆಂದು ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚುವ ವಿಧಾನ ಪ್ರಕಟಿಸಿದ್ದರು. ಅಲ್ಲಿಂದ ಮುಂದೆ ನಿಧಾನವಾಗಿ ಕಪ್ಪು ಹೋಯಿತು, ಬಿಳಿ ಬಂತು. ಕೊಳೆ ಕಾಣುವ ಬಣ್ಣವೇ ಆಸ್ಪತ್ರೆಗೆ ಸರಿ ಎಂಬ ತಿಳಿವಳಿಕೆ ಬಂದದ್ದು ಹೀಗೆ.

 

ಭಾರತಕ್ಕೆ ಸೇನಾ ದಾದಿಯರ ಮೊದಲ ತಂಡ ಬ್ರಿಟನ್ನಿನಿಂದ ಬಂದದ್ದು 1888ರಲ್ಲಿ. ಗಂಜಿ, ಇಸ್ತ್ರಿ, ಬೆಳಗಿನ ತಪಾಸಣೆ, ಈ ದಂಡಿನ ಶಿಸ್ತು ನಮ್ಮ ತಲೆಮಾರಿನವರೆಗೂ ಇಳಿದು ಬಂತು. ನಾವು ಬಿಳಿ ಸೀರೆಗೆ ರಾಬಿನ್ ನೀಲಿ ಹಾಕಿ, ಗಂಜಿಯಲ್ಲಿ ಅದ್ದಿ, ಇಸ್ತ್ರಿ ಅಂಗಡಿಗೆ ಕೊಡುತ್ತಿದ್ದೆವು. ನೀಲಿ ಒಂದು ಚಿಟಿಕೆ ಹೆಚ್ಚಾದರೆ ಸಿಸ್ಟರ್ ಬೈಗುಳ. ನೆರಿಗೆಗೆ ಪಿನ್ನು, ಸೆರಗಿಗೆ ಭುಜದ ಮೇಲೂ ಬೆನ್ನ ಹಿಂದೆಯೂ ಪಿನ್ನು. ಬಗ್ಗಿದಾಗ ಸೆರಗು ರೋಗಿಯ ಗಾಯದ ಮೇಲೆ ಬೀಳಬಾರದು. ಎದೆಗೆ ತೂಗುಹಾಕುವ ಗಡಿಯಾರ ತಲೆಕೆಳಗು, ಹನ್ನೆರಡು ಕೆಳಗಡೆ. ತಲೆ ಬಗ್ಗಿಸಿದರೆ ನಮಗೆ ನೆಟ್ಟಗೆ ಕಾಣುತ್ತದೆ, ನಾಡಿ ಎಣಿಸುವಾಗ ಮಣಿಕಟ್ಟು ಬರಿದಾಗಿರುತ್ತದೆ. ತಲೆಯ ಮೇಲಿನ ಬಿಳಿ ಟೋಪಿಯಿಂದ ಮಾತ್ರ ನನಗೆ ತಿಳಿದಂತೆ ಯಾವ ರೋಗಿಗೂ ಉಪಯೋಗವಾಗಲಿಲ್ಲ. ಅದು ಹೋದದ್ದು ಒಳ್ಳೆಯದೇ ಆಯಿತು.

ಮಣಿಕಟ್ಟಿನ ಮಾತು ಹಳತಾಗಿಲ್ಲ. 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ, ರೋಗಿಯನ್ನು ಮುಟ್ಟುವವರ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಲಿ ಎಂದಿತು. ಉದ್ದ ತೋಳು, ಗಡಿಯಾರ ಬೇಡ. ವೈದ್ಯರ ಉದ್ದ ತೋಳಿನ ಬಿಳಿ ಕೋಟೇ ಅಲ್ಲಿ ಪಕ್ಕಕ್ಕೆ ಸರಿಯಿತು.

ನಮ್ಮ ಹುಡುಗಿಯರು ಮಾತ್ರ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಐಟಿ ಕಂಪನಿಯ ಕೆಲಸಕ್ಕೆಂಬಂತೆ ಬ್ಲೇಜರ್ ಕೊಳ್ಳುತ್ತಾರೆ. ಪಕ್ಕದ ರಸ್ತೆಯ ಹೆಸರು ಡಿಸ್ಪೆನ್ಸರಿ ರೋಡ್, ನೋಡಿ! ನಾನು ಇಂಟರ್‌ವ್ಯೂ ಮೇಜಿನ ಆಚೆ ಕೂತು ಹಲವರನ್ನು ಆರಿಸಿದ್ದೇನೆ. ಫೈಲು ಚಾಚುವಾಗ ನಾನು ನೋಡುತ್ತಿದ್ದದ್ದು ಉಗುರು. ಬಣ್ಣ ಹಚ್ಚಿ ಉದ್ದ ಬಿಟ್ಟಿದ್ದರೆ ಬ್ಲೇಜರ್ ಎಷ್ಟು ಸಾವಿರದ್ದಾದರೂ ಒಂದು ಅಂಕ ಕಡಿಮೆ.

ಆದ್ದರಿಂದ ಸಾಲ ಮಾಡಬೇಡಿ. ತಿಳಿ ಬಣ್ಣದ ಹತ್ತಿಯ ಚೂಡಿದಾರ್ ಅಥವಾ ಸೀರೆ, ಮೊಣಕೈವರೆಗಿನ ತೋಳು, ಗಂಟು ಕಟ್ಟಿದ ಕೂದಲು, ಸದ್ದು ಮಾಡದ ಚಪ್ಪಟೆ ಶೂ ಸಾಕು. ಹುಡುಗರಿಗೂ ಇದೇ ಲೆಕ್ಕ: ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಏಪ್ರನ್ ಒಯ್ಯುವುದಾದರೆ ಮಡಚಿ ಬ್ಯಾಗಿನಲ್ಲಿಡಿ. ಅದನ್ನು ತೊಟ್ಟು ಶಿವಾಜಿನಗರದ ಬಸ್ಸು ಹತ್ತಬೇಡಿ.