ಕೊರಾಯ್ಡ್ ಪ್ಲೆಕ್ಸಸ್ ಮತ್ತು ಮಿದುಳಿನ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಮಿದುಳಿನ ಒಳಭಾಗದಲ್ಲಿ ಪರಸ್ಪರ ಕೂಡಿಕೊಂಡಿರುವ ನಾಲ್ಕು ಕುಹರಗಳಿವೆ. ಇವುಗಳಲ್ಲಿರುವ, ಸೂಕ್ಷ್ಮ ರಕ್ತನಾಳಗಳಿಂದ ತುಂಬಿದ ಮೃದು ಅಂಗಾಂಶವೇ ಕೊರಾಯ್ಡ್ ಪ್ಲೆಕ್ಸಸ್.

ಕಾರ್ಯಗಳು:
1. ಮಿದುಳು ಮತ್ತು ಮಿದುಳುಬಳ್ಳಿಯನ್ನು ಆಘಾತದಿಂದ ರಕ್ಷಿಸುವ ದ್ರವದ ಬಹುಪಾಲನ್ನು ಉತ್ಪಾದಿಸುವುದು. ವಯಸ್ಕರಲ್ಲಿ ದಿನವೊಂದಕ್ಕೆ ಸುಮಾರು 500 ಮಿ.ಲೀ. ದ್ರವ ಉತ್ಪತ್ತಿಯಾಗುತ್ತದೆ. ಯಾವುದೇ ಸಮಯದಲ್ಲಿ ಇರುವ ಪ್ರಮಾಣ ಸುಮಾರು 150 ಮಿ.ಲೀ. ಮಾತ್ರ, ಹೆಚ್ಚಿನದು ರಕ್ತವನ್ನು ಸೇರುತ್ತದೆ.
2. ರಕ್ತದಲ್ಲಿರುವ ಹಾನಿಕಾರಕ ವಸ್ತುಗಳು ಈ ದ್ರವವನ್ನು ಸೇರದಂತೆ ತಡೆಯುವುದು.

ಸಂಬಂಧಿಸಿದ ಕಾಯಿಲೆ:
ದ್ರವದ ಹರಿವಿಗೆ ಅಡಚಣೆಯಾದರೂ ಉತ್ಪಾದನೆ ನಿಲ್ಲುವುದಿಲ್ಲ. ಆಗ ಕುಹರಗಳು ಹಿಗ್ಗಿ ಮಿದುಳಿನ ಮೇಲೆ ಒತ್ತಡ ಉಂಟಾಗುತ್ತದೆ. ಇದನ್ನು ಹೈಡ್ರೋಸೆಫಾಲಸ್ ಎನ್ನಲಾಗುತ್ತದೆ. ಜನ್ಮಜಾತ ದೋಷ, ಮಿದುಳುಪೊರೆಯ ಸೋಂಕು, ರಕ್ತಸ್ರಾವ ಮತ್ತು ಗಡ್ಡೆ ಇದರ ಮುಖ್ಯ ಕಾರಣಗಳು. ಕೊರಾಯ್ಡ್ ಪ್ಲೆಕ್ಸಸ್‌ನಲ್ಲಿಯೇ ಗಡ್ಡೆ ಬೆಳೆಯುವುದು ಅಪರೂಪ.

ಶಿಶುಗಳಲ್ಲಿ ಲಕ್ಷಣಗಳು:
1. ತಲೆಯ ಸುತ್ತಳತೆ ಅತಿ ವೇಗವಾಗಿ ಹೆಚ್ಚುವುದು
2. ನೆತ್ತಿ ಉಬ್ಬಿ ಬಿಗಿಯಾಗುವುದು
3. ಕಣ್ಣುಗುಡ್ಡೆಗಳು ಕೆಳಮುಖವಾಗಿ ನಿಲ್ಲುವುದು
4. ಪದೇ ಪದೇ ವಾಂತಿ, ಮಂಪರು, ಹಾಲು ಕುಡಿಯದಿರುವುದು

ಚಿಕಿತ್ಸೆ:
ಹೆಚ್ಚುವರಿ ದ್ರವವನ್ನು ಸಣ್ಣ ಕೊಳವೆಯ (ಷಂಟ್) ಮೂಲಕ ಸಾಮಾನ್ಯವಾಗಿ ಹೊಟ್ಟೆಯ ಭಾಗಕ್ಕೆ ಹರಿಸಲಾಗುತ್ತದೆ. ಕೆಲವರಿಗೆ ಎಂಡೋಸ್ಕೋಪ್ ಮೂಲಕ ಕುಹರದಲ್ಲಿ ಹೊಸ ಮಾರ್ಗವನ್ನು ಕಲ್ಪಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವಿದೆ.

ಸಾರ್ವಜನಿಕರ ಗಮನಕ್ಕೆ:
ಈ ಕಾಯಿಲೆಯು ದೃಷ್ಟಿದೋಷ ಅಥವಾ ಶಾಪದಿಂದ ಬರುವುದಿಲ್ಲ. ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ ಕೂಡಲೇ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ವಿಳಂಬವಾದಲ್ಲಿ ದೃಷ್ಟಿ ಮತ್ತು ಬುದ್ಧಿ ಬೆಳವಣಿಗೆಗೆ ಶಾಶ್ವತ ಹಾನಿಯಾಗಬಹುದು. ಷಂಟ್ ಅಳವಡಿಸಿದ ಮಕ್ಕಳಲ್ಲಿ ತಲೆನೋವು, ವಾಂತಿ, ಮಂಪರು ಅಥವಾ ಜ್ವರ ಕಾಣಿಸಿದರೆ ಕೊಳವೆ ಕಟ್ಟಿರುವ ಇಲ್ಲವೇ ಸೋಂಕು ತಗುಲಿರುವ ಸಾಧ್ಯತೆಯಿದ್ದು, ತಡಮಾಡದೆ ಆಸ್ಪತ್ರೆಗೆ ಕರೆತರಬೇಕು.